ಇಪ್ಪತ್ತೆರಡನೆಯ ಹಲಗೆ

ಹಲಗೆಗಳಿಗೆ ಸಿಕ್ಕ ಮರ್ಯಾದೆ ಅಳಿಯನಿಗೆ ಸಿಕ್ಕಿರಲಿಲ್ಲ. ಐದು ತಿಂಗಳ ಹಿಂದೆ ಮದುವೆಯಾಗಿ ಹೆಂಡತಿಯ ಮನೆಗೇ ಬಂದು ಸೇರಿದಾಗ, ಮರುದಿನ ಬೆಳಿಗ್ಗೆಯೇ ಮಾವ ಅವನಿಗೊಂದು ಸೋರುವ ನಲ್ಲಿಯನ್ನು ಒಪ್ಪಿಸಿದ್ದರು. ಪೈನ್ ಹಲಗೆಗಳು ಬಂದಾಗ ಅದೇ ಮಾವ, "ಬಂದ ತಕ್ಷಣ ಕೆಲಸಕ್ಕೆ ಹಚ್ಬಾರ್ದು. ಹತ್ತು ದಿನ ಆರಾಮಾಗಿರ್ಲಿ. ಈ ಮನೆ ಗಾಳಿಗೆ ಒಗ್ಗಬೇಕು" ಎಂದರು.

ಹಲಗೆ ಹೊಡೆಯಬೇಕಾದ ಗೋಡೆ ಮಗಳು ಅಳಿಯನ ಕೋಣೆಯಲ್ಲಿತ್ತು. ಹೀಗಾಗಿ ಹಲಗೆಗಳು ಕೋಣೆಯಲ್ಲಿ ಮಲಗಿದವು, ದಂಪತಿ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದರು. ಗಾಳಿಯಾಡಲೆಂದು ಮಾವ ಹಲಗೆಗಳ ನಡುವೆ ಕಡ್ಡಿಗಳನ್ನಿಟ್ಟರು, ಕಿಟಕಿ ತೆರೆದರು, ದಿನಕ್ಕೆರಡು ಸಲ ಹೋಗಿ ಯೋಗಕ್ಷೇಮ ವಿಚಾರಿಸಿಕೊಂಡು ಬಂದರು.

ಮಾವ ನಲವತ್ತು ವರ್ಷ ಮರಗೆಲಸ ಮಾಡಿದವರು. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಮಾವನ ಪ್ರಕಾರ, ಓದು ಬಲ್ಲವರನ್ನು ಕೂರಿಸಿಕೊಂಡು ಅ ಆ ಇ ಈ ಓದಿಸಿ ಸಂಬಳ ಎಣಿಸುವವನು. ಅದಕ್ಕೇ ಅವನಿಗೆ 'ಡಾಕ್ಟ್ರು' ಎಂದು ಹೆಸರಿಟ್ಟಿದ್ದರು. ಆ ಡಾಕ್ಟ್ರಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು, ಮಾವನ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು. ಲೋಟದ ಪಕ್ಕಕ್ಕೆ ಟೀ ಸುರಿದು, "ಈ ಲೋಟಗಳಿಗೆ ಬಾಯೇ ಸರಿಯಿಲ್ಲ" ಎಂದು ಬಯ್ಯುವವರಿಗೆ ಇನ್ನೇನಾಗಿರುತ್ತದೆ?

"ಇಪ್ಪತ್ತೊಂದು ಹಲಗೆ ಬರೀ ಮೊಳೆ ಹೊಡ್ಯೋ ಕೆಲಸ," ಎಂದಳು ಹೆಂಡತಿ. "ಕೊನೇದನ್ನ ಮಾತ್ರ ಗರಗಸದ ಮಷೀನಲ್ಲಿ ಉದ್ದಕ್ಕೆ ಸೀಳ್ಬೇಕು. ಅಪ್ಪ ಅದನ್ನ ಮುಟ್ಟೋಕ್ ಮುಂಚೆ ಕಣ್ಣು ತೋರಿಸೋಕೆ ಒಪ್ಪಿಸು. ಹತ್ತು ಬೆರಳೂ ಅವರ ಕೈಯಲ್ಲೇ ಇರ್ಬೇಕು."

"ನಾನು ಹೇಳಿದ್ರೆ ಕೇಳ್ತಾರಾ?"

"ನಾನು ಹೇಳೋಕ್ ಶುರು ಮಾಡಿ ಎರಡು ವರ್ಷ ಆಯ್ತು. ನಿನ್ನನ್ನ ಮತ್ಯಾಕೆ ಮದ್ವೆ ಆದೆ ಅಂದ್ಕೊಂಡೆ?"

ಹತ್ತು ದಿನದ ಆತಿಥ್ಯ ಮುಗಿದ ಮೇಲೆ ವಾರ್ನಿಷ್ ಶುರುವಾಯಿತು. ಪ್ರತಿ ಹಲಗೆಗೂ ಒಂದಂಚಿನಲ್ಲಿ ಏಣು, ಇನ್ನೊಂದಂಚಿನಲ್ಲಿ ತೋಡು; ಕೆಳಗಿನದರ ಏಣು ಮೇಲಿನದರ ತೋಡಿನೊಳಗೆ ಹೋಗಿ ಕೂರಬೇಕು. ಅಳಿಯ ಉಪ್ಪುಕಾಗದ ಉಜ್ಜಿದ, ಬಳಿದ, ಒಣಗಿದ ಮೇಲೆ ಮತ್ತೆ ಉಜ್ಜಿ ಮತ್ತೆ ಬಳಿದ. ಮಾವ ಹಿಂದೆಯೇ ಬೆರಳಾಡಿಸುತ್ತ ಬಂದರು.

"ಏಣಿನ ಮೇಲೆ ಬಳಿದೇ ಇಲ್ವಲ್ಲಯ್ಯಾ."

"ಒಳಗೆ ಮುಚ್ಚಿಹೋಗತ್ತಲ್ಲ ಮಾವ, ಯಾರಿಗೆ ಕಾಣ್ಬೇಕು?"

"ಬೇಸಿಗೇಲಿ ಮರ ಕುಗ್ಗುತ್ತೆ. ಆಗ ಸಂದೀಲಿ ಬಿಳೀ ಗೆರೆ ಹಲ್ಲು ಕಿರ್ಯುತ್ತೆ. ಕಣ್ಣಿನ ಡಾಕ್ಟ್ರಿಗೆ ಇಷ್ಟೂ ಕಾಣ್ಸಲ್ವಾ?"

ಇದೇ ಸಮಯವೆಂದು ಅಳಿಯ ಗಂಟಲು ಸರಿಮಾಡಿಕೊಂಡ. "ಕಣ್ಣು ಅಂದ್ರಿ, ನೆನಪಾಯ್ತು. ಒಂದ್ಸಲ ಅಂಗಡಿ ಕಡೆ..."

"ಬ್ರಷ್ಷು ಒಣಗ್ತಿದೆ," ಎಂದರು ಮಾವ.

ಭಾನುವಾರ ಗೋಡೆಯ ಕೆಲಸ. ಮೊಳೆ ಹಿಡಿಯಲು ಗೋಡೆಗೆ ಮರದ ರೀಪು ಪಟ್ಟಿಗಳು ಮೊದಲೇ ಕೂತಿದ್ದವು. ಅಳಿಯ ಮಟ್ಟ ನೋಡುವ ಹೊಸ ರಸಮಟ್ಟ ತಂದು, ಗಾಜಿನೊಳಗಿನ ಗುಳ್ಳೆಯನ್ನು ಹೆಮ್ಮೆಯಿಂದ ತೋರಿಸಿದ.

"ಅದನ್ನ ಗಾರೆಯವ್ರಿಗೆ ಕೊಡು. ನನ್ನ ಕಣ್ಣೇ ರಸಮಟ್ಟ."

ಮಾವ ಒಂದು ಕಣ್ಣು ಮುಚ್ಚಿ (ಡಾಕ್ಟ್ರ ಅಂದಾಜಿನಲ್ಲಿ ಮುಚ್ಚಿದ್ದೇ ಎರಡರಲ್ಲಿ ವಾಸಿ ಅನ್ನಬಹುದಾದ ಕಣ್ಣು) ಮೊದಲ ಹಲಗೆಯನ್ನು ನೆಲದಿಂದ ಚೂರು ಮೇಲೆ ಹಿಡಿದು, ಏಣಿನ ಬುಡಕ್ಕೆ ಓರೆಯಾಗಿ ಮೊಳೆ ಹೊಡೆದರು. ಕೆಳಗಿಟ್ಟ ಸುತ್ತಿಗೆಯನ್ನು ಅವರು ಮತ್ತೆ ಹುಡುಕುವಾಗ ಅಳಿಯ ಕದ್ದು ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಡುವೆ ನಿಲ್ಲದೆ ಬಲಕ್ಕೆ ಓಡಿತು; ಅಂದರೆ ಹಲಗೆಯ ಬಲತುದಿ ಎತ್ತರ. ಹೇಳಬೇಕೆಂದುಕೊಂಡ. ಐದು ತಿಂಗಳಲ್ಲಿ ಹೇಳಬೇಕೆಂದುಕೊಂಡ ಮಾತುಗಳೆಲ್ಲ ಎಲ್ಲಿಗೆ ಹೋಗಿದ್ದವೋ ಇದೂ ಅಲ್ಲಿಗೇ ಹೋಯಿತು. ಮೊದಲ ಹಲಗೆ ಹೇಳಿದ್ದನ್ನು ಉಳಿದ ಇಪ್ಪತ್ತೂ ತುಟಿಪಿಟಕ್ಕೆನ್ನದೆ ಒಪ್ಪಿಕೊಂಡು ಒಂದರ ಮೇಲೊಂದು ಕೂತವು. ಹಲಗೆಗಳು ನಿಜಕ್ಕೂ ಆ ಮನೆಗೆ ಒಗ್ಗಿಬಿಟ್ಟಿದ್ದವು.

ಮಧ್ಯಾಹ್ನದ ಹೊತ್ತಿಗೆ ಸೂರಿನ ಕೆಳಗೆ ಉಳಿದಿದ್ದು ಒಂದು ಸಂದು. ಮಾವ ಸ್ಟೂಲ್ ಹತ್ತಿ ಬೆರಳಿಟ್ಟು ನೋಡಿದರು. ಎಡಗಡೆ ನಾಲ್ಕು ಬೆರಳು. ಇಳಿದು ಬಲಗಡೆ ಹತ್ತಿದರು. ಎರಡೂವರೆ. ಮತ್ತೆ ಎಡಕ್ಕೆ ಹೋದರು. ಬೆರಳುಗಳು ಮಾತು ಬದಲಿಸಲಿಲ್ಲ.

"ಸೂರು ಸೊಟ್ಟ," ಎಂದು ತೀರ್ಪು ಕೊಟ್ಟು ಗರಗಸದ ಮಷೀನಿನ ವೈರನ್ನು ಪ್ಲಗ್ಗಿಗೆ ಹಾಕಿದರು.

ಬಾಗಿಲಲ್ಲಿ ನಿಂತ ಹೆಂಡತಿ ಕಣ್ಣಲ್ಲೇ ಗಂಡನನ್ನು ಮುಂದಕ್ಕೆ ತಳ್ಳಿದಳು. ಅಳಿಯ ಒಂದು ಹೆಜ್ಜೆ ಮುಂದೆ ಬಂದ, ಧೈರ್ಯವಾಗಿ ಬಾಯಿ ತೆರೆದ. ಬಾಯಿಂದ ಬಂದದ್ದು ಮಾತ್ರ ಹೌದೆನ್ನುವ ಹಳೇ ಅಭ್ಯಾಸ.

"ಹೌದು ಮಾವ. ಸೂರೇ ಸೊಟ್ಟ. ಯಾರೋ ಕೆಲಸ ಬಾರದವ್ರು ಮಾಡಿದಾರೆ."

ಹೆಂಡತಿ ಹಣೆ ಚಚ್ಚಿಕೊಂಡಳು. ಮಾವ ಮಷೀನು ಕೆಳಗಿಟ್ಟರು.

"ಯಾರೋ ಅಂದ್ರೆ?"

"ಯಾರೋ... ಕಟ್ಟಿದವ್ರು."

"ಈ ಸೂರಿಗೆ ಕಾಂಕ್ರೀಟು ಸುರಿಯೋಕೆ ಸೆಂಟ್ರಿಂಗ್ ಹಲಗೆ ಕೂರಿಸಿದ್ದು ನಾನು ಕಣಯ್ಯಾ! ಮೂವತ್ತು ವರ್ಷದ ಹಿಂದೆ. ನೂಲಿನಷ್ಟು ಆಚೀಚೆ ಇಲ್ಲ ಅಂತ ಎಂಜಿನಿಯರ್ರೇ ಬೆನ್ನು ತಟ್ಟಿದ್ರು. ಸೊಟ್ಟವಂತೆ! ತಾ ಆ ನಿನ್ನ ಗುಳ್ಳೆ!"

ಸೂರು ಸೊಟ್ಟ ಅಂದವರು ಯಾರೆಂದು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಮತ್ತೆ ಸ್ಟೂಲ್ ಹತ್ತಿ ರಸಮಟ್ಟವನ್ನು ಸೂರಿಗೆ ಒತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಕೊನೆಗೆ ಗೋಡೆಯ ಕಡೆಗೇ ಮುಖ ಮಾಡಿ ಕೇಳಿದರು, "ಎಲ್ಲಿದೆ?"

"ನಡುವೆ, ಮಾವ."

"ಸರಿಯಾಗಿ ನೋಡಿ ಹೇಳು."

"ಸರಿಯಾಗಿ ನಡುವೆ."

ರಸಮಟ್ಟ ಇಪ್ಪತ್ತೊಂದನೆಯ ಹಲಗೆಯ ಮೇಲೆ ಇಳಿಯಿತು. "ಈಗ?"

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಈ ಸಲ ಏನೂ ಸನ್ನೆ ಮಾಡಲಿಲ್ಲ.

"ಬಲಕ್ಕೆ ಹೋಗಿ ಅಂಟ್ಕೊಂಡಿದೆ."

ಮಾವ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತರು. ಸ್ವಲ್ಪ ಹೊತ್ತು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಬೆಳಿಗ್ಗೇನೇ ಗೊತ್ತಿತ್ತಾ?"

"ಗೊತ್ತಿತ್ತು."

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ?" ಎಂದರು. ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಕಾಲಿನಿಂದ ಗರಗಸದ ಮಷೀನನ್ನು ಅಳಿಯನತ್ತ ಸರಿಸಿದರು. "ಎಡಕ್ಕೆ ನಾಲ್ಕು, ಬಲಕ್ಕೆ ಎರಡೂವರೆ. ಗೆರೆ ಹಾಕಿ ನೀನೇ ಸೀಳು."

ಅಳಿಯ ಹುಟ್ಟಿದಾರಭ್ಯ ಪೆನ್ಸಿಲ್ಲಿಗಿಂತ ಚೂಪಾದದ್ದನ್ನು ಹಿಡಿದವನಲ್ಲ. ಮಷೀನು ಕಿರುಚಿಕೊಂಡು ಹೊರಟಿತು. ಮಾವ ಬೇರೆಲ್ಲೋ ನೋಡುತ್ತ, ಕಿವಿ ಮಾತ್ರ ಇತ್ತ ಕೊಟ್ಟು ಕೂತಿದ್ದರು.

"ಗಂಟು ಬಂತು, ಮೆತ್ತಗೆ... ಗೆರೆ ಬಿಟ್ಟೆ. ತಗೋ ಈಚೆಗೆ... ಅಯ್ಯೋ, ಇಷ್ಟು ಈಚೆಗಲ್ಲ!"

ಹಲಗೆ ಎರಡಾಗಿ ಬಿತ್ತು. ಬೆರಳುಗಳು, ಎಲ್ಲರವೂ ಸೇರಿ, ಲೆಕ್ಕಕ್ಕೆ ಸರಿಯಿದ್ದವು. ಮಾವ ಕೊಯ್ದ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಅದು ಹಾವು ಹರಿದ ಹಾಗೆ ಹೋಗಿತ್ತು.

"ಡಾಕ್ಟ್ರೇ," ಎಂದರು, "ನಾಳೆ ನಿಮ್ಮಂಗಡಿಗೆ ಬರ್ತೀನಿ. ಆ ಕಣ್ಣು ನೋಡೋ ಕುರ್ಚೀಲಿ ಮೊದ್ಲು ನೀನು ಕೂತ್ಕೋ, ಆಮೇಲೆ ನಾನು."