ಬಾಂಡ್ ಪೇಪರ್ ಮ್ಯಾಲಿನ ಕೂಸು

ಬಾಂಡ್ ಪೇಪರ್ ಮೇಲೆ ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸಲಾರ ಅಂತ ನಮ್ಮ ಕಡೆ ಊರಿಗೂರೇ ನಂಬಿದೆ. ಕಮಲಾಪುರದ ಸುಂಕಲಮ್ಮನೂ ನಂಬಿದ್ದಳು.

ಗಂಡ ಗಾದಿಲಿಂಗನ ಜೊತೆ ಹೊಂದಿಕೆಯಾಗದೆ ಆಕೆ ತವರಿಗೆ ಬಂದು, ಹೋಟೆಲೊಂದರಲ್ಲಿ ರೂಮು ಸ್ವಚ್ಛ ಮಾಡುವ ಕೆಲಸ ಹಿಡಿದಿದ್ದಳು. ಗಂಡನ ಊರು ಗಾದಿಗನೂರಿನಲ್ಲಿ ಹಿರಿಯರು ಪಂಚಾಯ್ತಿಗೆ ಕೂತರು. "ದುಡಿಯಾಕ ಹೋಗಾಕಿ ಕೂಸು ಹೆಂಗ ನೋಡ್ಕೊಂತಾಳ?" ಅಂದರು. ಮಗಳು ತಂದೆಗೇ ಸೇರಿದವಳು, ತಾಯಿ ಕೇಳುವಂತಿಲ್ಲ ಅಂತ ಬಾಂಡ್ ಬರೆಸಿದರು. ಸುಂಕಲಮ್ಮ ತಲೆ ತಗ್ಗಿಸಿ ಸಹಿ ಹಾಕಿದಳು. ಮೂರೂವರೆ ವರ್ಷದ ಸ್ಫೂರ್ತಿ ಅಲ್ಲೇ ಉಳಿದಳು.

ಎರಡು ತಿಂಗಳಾದರೂ ಗಂಡನ ಮನೆಯವರು ಕೂಸಿನ ಮುಖ ತೋರಿಸಲಿಲ್ಲ. ಹೋಟೆಲಿಗೆ ಬಂದವರ ಮಕ್ಕಳು ಮಲಗೆದ್ದ ಹಾಸಿಗೆ ಕೊಡವುವಾಗ ಸುಂಕಲಮ್ಮಗೆ ಸ್ಫೂರ್ತಿಯದೇ ನೆನಪು.

ಒಂದಿನ ಮಹಿಳಾ ಸಂಘದ ಸಭೆಗೆ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ ಸುಧಾರಾಣಿ ಬಂದಳು. ಸುಂಕಲಮ್ಮ ತೋರಿಸಿದ ಬಾಂಡಿನ ಜೆರಾಕ್ಸ್ ಓದಿ ನೋಡಿದಳು.

"ಅಕ್ಕಾ, ಕೂಸು ಏನ್ ಹೊಲಾನಾ, ಬಾಂಡ್ ಮ್ಯಾಲೆ ಬರಕೊಡಾಕ?"

"ನಾನ ಸೈನ್ ಹಾಕೀನಲ್ಲವಾ..."

"ಹಾಕಿದ್ರೇನಾತ್ರಿ? ಕೂಸು ಯಾರ ಹತ್ರ ಇರಬೇಕಂತ ಕಡೀಗೆ ಹೇಳೋದು ಕೋರ್ಟು. ಅದು ನೋಡೋದು ಕೂಸಿನ ಒಳ್ಳೇದು. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಹತ್ರನ ಇರಬೇಕಂತ ಕಾನೂನೈತಿ. ನೌಕರಿ ಮಾಡೋದೇನು ತಪ್ಪಲ್ರಿ."

ಪಕ್ಕದಲ್ಲೇ ಕೂತಿದ್ದ ಸುಂಕಲಮ್ಮನ ತಾಯಿ ನಿಂಗಕ್ಕ ಮೂಗು ಮುರಿದಳು. "ಕೋರ್ಟಿನಾಗ ಗೆದ್ದಾಂವ ಸೋತ, ಸೋತಾಂವ ಸತ್ತ. ವಕೀಲಗ ಏನ್ ಕೊಡ್ಲಿ, ನನ್ನ ತಾಳಿನಾ?"

"ತಾಳಿ ಕೊಳ್ಳಾಗ ಇರ್ಲಿ ಅಮ್ಮಾ. ಹೆಣ್ಮಕ್ಕಳಿಗೆ ಸಮಿತಿನ ಪುಕ್ಸಟ್ಟೆ ವಕೀಲರನ್ನ ಕೊಡ್ತೈತಿ."

ಹೊಸಪೇಟೆ ಕೋರ್ಟಿನಲ್ಲಿ ಅರ್ಜಿ ಬಿತ್ತು. ಅದು ಗೊತ್ತಾಗಿದ್ದೇ ತಡ, ಹೋಟೆಲ್ ಮ್ಯಾನೇಜರ್ ಹುಲುಗಪ್ಪ ಆಕೆಯನ್ನು ಕರೆದು ಕಾಗದವೊಂದನ್ನು ಮುಂದಿಟ್ಟ.

"ಕೋರ್ಟು ಕಚೇರಿ ಅಂತ ತಿರುಗೋರು ನಮಗ ಬ್ಯಾಡ. ನನ್ನ ಸ್ವಂತ ಇಚ್ಛೆಯಿಂದ ಕೆಲ್ಸ ಬಿಡ್ತೀನಂತ ಸೈನ್ ಹಾಕು."

ಸುಂಕಲಮ್ಮ ಪೆನ್ನು ಕೈಗೆ ತಗೊಂಡಳು. ಕೆಲಸವಿಲ್ಲದವಳು ಕೂಸು ಹೆಂಗ ಸಾಕ್ತಾಳಂತ ಆ ಕಡೆಯವರು ಕೇಳದೇ ಬಿಡುತ್ತಾರಾ? ಹಿಂದೆ ಹಾಕಿದ ಒಂದು ಸಹಿಗೇ ಮಗಳು ಹೋಗಿದ್ದಳು. ಸುಂಕಲಮ್ಮ ಪೆನ್ನು ಕೆಳಗಿಟ್ಟಳು.

"ನನಗ ಇಚ್ಛೆ ಇಲ್ರಿ ಸಾರ್. ತೆಗಿಯೋದಿದ್ರ ನೀವ ಕಾರಣ ಬರದು ನೋಟೀಸ್ ಕೊಡ್ರಿ. ಸಂಘದಾಗ ಹೇಳ್ಯಾರ, ಅದನ್ನ ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ತೀನಿ."

ಹುಲುಗಪ್ಪ ಕಾಗದ ಮಡಚಿ ಡ್ರಾಯರಿಗೆ ಹಾಕಿದ. "ಹೋಗವಾ, ಮ್ಯಾಲಿನ ರೂಮು ಖಾಲಿ ಆಗ್ಯಾವ," ಅಂದ.

ಕೋರ್ಟಿನಲ್ಲಿ ಗಂಡನ ಕಡೆಯವರು ಬಾಂಡ್ ತೋರಿಸಿದರು. ಜಡ್ಜು ಓದಿ ಪಕ್ಕಕ್ಕಿಟ್ಟರು. ಕೇಸು ಮುಗಿಯುವ ತನಕ ಕೂಸು ತಾಯಿ ಹತ್ತಿರ ಇರಲಿ, ಭಾನುವಾರ ತಂದೆ ಬಂದು ನೋಡಲಿ ಅಂದರು. ಈಗ ಗಾದಿಲಿಂಗ ವಾರಕ್ಕೊಮ್ಮೆ ಬಿಸ್ಕೀಟು ಹಿಡಿದು ಬರುತ್ತಾನೆ. ಸುಂಕಲಮ್ಮ ಬ್ಯಾಡ ಅನ್ನೋದಿಲ್ಲ. ಅಪ್ಪ ಅಪ್ಪನೇ.

ಆ ಬಾಂಡಿನ ಜೆರಾಕ್ಸ್ ಹಿಂದೆ ಸ್ಫೂರ್ತಿ ಕೋಳಿಯೊಂದನ್ನು ಬರೆದಿದ್ದಾಳೆ. ಮೂರು ಕಾಲಿನ ಕೋಳಿ. ನಿಂಗಕ್ಕ ಅದನ್ನು ಓಣಿಗೆಲ್ಲ ತೋರಿಸಿ, "ನೋಡ್ರೆವ್ವಾ, ಬ್ರಹ್ಮ ಅಳಸಾಕಾಗದ್ದನ್ನ ನನ್ನ ಮೊಮ್ಮಗಳು ತಿರುವಿ ಹಾಕ್ಯಾಳ" ಅನ್ನುತ್ತಾಳೆ.

ಅಕ್ಕಂದಿರೇ, ತಂಗ್ಯಾರೇ, ಯಾರೇ ಕಾಗದ ಮುಂದಿಟ್ಟರೂ ಓದಿಸಿ, ಕೇಳಿ, ಆಮೇಲೆ ಪೆನ್ನು ಹಿಡೀರಿ. ಆಗಲೇ ಸಹಿ ಹಾಕಿದ್ದರೂ ಎದೆಗುಂದಬ್ಯಾಡ್ರಿ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗ್ರಿ, ಇಲ್ಲವೇ 15100ಕ್ಕೆ ಫೋನ್ ಮಾಡ್ರಿ. ಕೇಳಿದರೆ ಏನೂ ಹೋಗೋದಿಲ್ಲ. ಕೇಳದೆ ಸಹಿ ಹಾಕಿ ಸುಂಕಲಮ್ಮ ತಿಂಗಳುಗಟ್ಟಲೆ ಮಗಳನ್ನೇ ಕಳಕೊಂಡಿದ್ದಳು.