ನಲ್ಲಿ ನೀರು ಎಲ್ಲಿಗೆ ಹೋಯ್ತು?

ಹಿರಿಯೂರು ತಾಲೂಕು, ಹರಿಯಬ್ಬೆ ಕಡೆಯ ಒಂದು ಹಳ್ಳಿ. ಬೆಳಗಾದರೆ ನಲ್ಲಿ ಮುಂದೆ ಜಗಳ. ಟ್ಯಾಂಕ್ ಅರ್ಧಕ್ಕೂ ತುಂಬುತ್ತಿರಲಿಲ್ಲ. ಮೇಲಿನ ಬೀದಿಯವರಿಗೆ ಒಂದು ಕೊಡ ತುಂಬುವಷ್ಟರಲ್ಲಿ ನೀರು ನಿಂತೇ ಹೋಗುತ್ತಿತ್ತು.

ತಪ್ಪೆಲ್ಲ ನೀರುಗಂಟಿ ದಿಲಾವರ್ ತಲೆಗೆ ಬಂತು. ನೀರು ಬಿಡುವವನು ಅವನೇ ತಾನೆ?

"ಇವನು ಯಾರಿಗೋ ನೀರು ತಿರುಗಿಸ್ತಾನೆ. ಇಲ್ಲಾಂದ್ರೆ ನೀರೇನು ಭೂಮಿ ನುಂಗ್ತೈತಾ?" ಅಂತ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಕರಿಸಿದ್ದಪ್ಪ. ಊರ ಬೋರಿನ ಪಕ್ಕದಲ್ಲೇ ಅವನ ಬಾಳೆ ತೋಟ. ಅಲ್ಲಿ ಅವನದೇ ಬೋರು. ದಿಲಾವರ್‌ನನ್ನು ಕೆಲಸದಿಂದ ಬಿಡಿಸಿ ಅಂತ ಪಂಚಾಯ್ತಿಗೆ ಮೊದಲು ಹೇಳಿದವನೂ ಅವನೇ.

ಕರಿಸಿದ್ದಪ್ಪನ ಹೆಂಡತಿ ನಾಗಕ್ಕನಿಗೆ ಇದು ಸರಿ ಕಾಣಲಿಲ್ಲ.

"ದಿಲಾವರಣ್ಣನ ಹೆಂಡ್ತಿ ಅಕ್ತರ್ ಬೀ ನಮ್ಮ ಹೆಂಗಸರ ಸಂಘಕ್ಕೆ ಬರೋದೇ ಬಿಟ್ಟಾಳೆ. ಕಳ್ಳನ ಹೆಂಡ್ತಿ ಅಂತಾರಂತೆ ಜನ. ನೀವು ಕಣ್ಣಾರೆ ಕಂಡ್ರಾ?"

"ಕಾಣೋದೇನೈತೆ? ಅವನನ್ನು ಬಿಟ್ರೆ ಇನ್ಯಾರು?"

ಶಾಲೆಯ ಹತ್ತಿರ ಬೀಗ ಹಾಕಿದ ಒಂದು ಬೋರು ಇದೆ. ಅಂತರ್ಜಲ ಇಲಾಖೆಯ ಭೂವಿಜ್ಞಾನಿ ಶೋಭಾರಾಣಿ ಆಗಾಗ ಬಂದು ಅದರೊಳಗೆ ಟೇಪು ಇಳಿಸಿ ನೀರಿನ ಮಟ್ಟ ಅಳೆಯುತ್ತಾರೆ. ಅವರು ಬಂದ ದಿನ ನಾಗಕ್ಕ ಹೋಗಿ ಊರಿನ ಜಗಳವನ್ನೆಲ್ಲ ಹೇಳಿದಳು. ಹಿಂದೆಯೇ ಕರಿಸಿದ್ದಪ್ಪನೂ ಬಂದ.

"ಮೇಡಂ, ಇದ್ರಾಗೆ ನೀರು ಐತಲ್ಲ. ಬೀಗ ತೆಗೀರಿ, ಮೋಟ್ರು ಇಳಿಸಾಣ. ಜಗಳನೇ ಮುಗೀತೈತೆ."

"ಇದು ನೀರು ಎತ್ತೋ ಬೋರಲ್ಲ ಕರಿಸಿದ್ದಪ್ಪನೋರೆ. ಡಾಕ್ಟ್ರು ನಾಡಿ ನೋಡ್ತಾರಲ್ಲ, ಹಂಗೆ ಇಲ್ಲಿ ನಾವು ಊರಿನ ನೀರು ನೋಡ್ತೀವಿ. ಅದಿರ್ಲಿ, ನಿಮ್ಮ ಮೋಟ್ರು ಯಾವಾಗ ಹಾಕ್ತೀರಿ?"

"ಬೆಳಗ್ಗೆ, ಕರೆಂಟು ಬಂದ ಕೂಡ್ಲೇ."

ಅಲ್ಲೇ ನಿಂತಿದ್ದ ದಿಲಾವರ್ ಮೆಲ್ಲಗೆ ಹೇಳಿದ: "ಊರ ಮೋಟ್ರು ನಾನೂ ಆಗ್ಲೇ ಹಾಕೋದು ಮೇಡಂ. ಜನಕ್ಕೆ ಬೆಳಗ್ಗೆನೇ ನೀರು ಬೇಕಲ್ಲ."

ಶೋಭಾರಾಣಿ ಸ್ವಲ್ಪ ಯೋಚಿಸಿದರು. "ನಾಳೆ ನಾನು ಬರೋವರೆಗೂ ಇಬ್ಬರೂ ಮೋಟ್ರು ಹಾಕಬೇಡಿ" ಅಂದರು.

ಮರುದಿನ ಬಂದು ಮೊದಲು ಬೀಗದ ಬೋರು, ಊರ ಬೋರು ಎರಡರಲ್ಲೂ ಮಟ್ಟ ಅಳೆದರು. ಆಮೇಲೆ ಕರಿಸಿದ್ದಪ್ಪನ ಮೋಟ್ರು ಒಂದನ್ನೇ ಹಾಕಿಸಿದರು. ಟೇಪನ್ನು ಅವನ ಕೈಗೇ ಕೊಟ್ಟರು. ಸ್ವಲ್ಪ ಹೊತ್ತಿಗೆ ಬೀಗದ ಬೋರಿನಲ್ಲಿ ನೀರು ಇಳಿಯಿತು. ಇನ್ನೊಮ್ಮೆ ನೋಡಿದ, ಇನ್ನೂ ಇಳಿದಿತ್ತು. ಊರ ಬೋರಿಗೂ ಟೇಪು ಇಳಿಸಿದರು. ಅಲ್ಲೂ ಹಾಗೇ. ದಿಲಾವರ್ ಸ್ಟಾರ್ಟರ್ ಮುಟ್ಟಿಯೇ ಇರಲಿಲ್ಲ.

ಕರಿಸಿದ್ದಪ್ಪನ ಮುಖ ಸಣ್ಣಗಾಯಿತು. "ನನ್ನ ಬೋರು ಅಲ್ಲೈತೆ. ಇಲ್ಲಿ ನೀರು ಹೆಂಗೆ ಇಳೀತು?"

"ನಿಮ್ಮ ಬೇಲಿ ಇರೋದು ಭೂಮಿ ಮೇಲೆ. ಕೆಳಗೆ ನೀರು ಬಂಡೆ ಸಂದಿನಾಗೆ ಹರೀತೈತೆ. ಮೂರೂ ಬೋರಿಗೆ ಒಂದೇ ಸಂದು ಸಿಕ್ಕಂಗೈತೆ. ಈಗ ನಿಮ್ಮ ಮೋಟ್ರು ನಿಲ್ಲಿಸ್ರಿ."

ನಿಲ್ಲಿಸಿದರು. ಕಾದರು. ನೀರು ನಿಧಾನಕ್ಕೆ ಮೇಲೆ ಬಂತು.

"ಹಂಗಾದ್ರೆ ನಾನು ಇನ್ನೊಂದು ಬೋರು, ಆಳಕ್ಕೆ ಕೊರೆಸ್ತೀನಿ" ಅಂದ ಕರಿಸಿದ್ದಪ್ಪ.

"ಅದೂ ಇದೇ ನೀರು ಎಳೆದ್ರೆ ಏನು ಮಾಡ್ತೀರಿ? ಇರೋದನ್ನ ಹೊಂದಿಸ್ಕಳ್ರಿ. ಊರ ಟ್ಯಾಂಕ್ ತುಂಬಿದ ಮೇಲೆ ಮೋಟ್ರು ಹಾಕ್ರಿ. ಬಾಳೆಗೆ ಕಾಲುವೆನಾಗೆ ನೀರು ಹಾಯಿಸೋದು ಬಿಟ್ಟು, ಹನಿ ಹನಿ ಬಿಡೋ ಡ್ರಿಪ್ ಮಾಡ್ರಿ. ಮಳೆ ನೀರು ಇಂಗೋಕೆ ಬೋರಿನ ಹತ್ರ ಗುಂಡಿ ತೆಗೆಸ್ರಿ."

ಮನೆಗೆ ಬಂದು ಅವನು ಊಟಕ್ಕೆ ಕೂತ. ನಾಗಕ್ಕ ಹೇಳಿದಳು: "ದಿಲಾವರಣ್ಣನ ಹೆಸರು ಊರ ಮುಂದೆ ಕೆಡಿಸಿದ್ರಿ. ಸರಿ ಮಾಡೋದೂ ಊರ ಮುಂದೇನೇ."

ಗ್ರಾಮಸಭೆಯಲ್ಲಿ ಕರಿಸಿದ್ದಪ್ಪ ಎದ್ದು ನಿಂತ. "ನೀರು ಎಳೀತಿದ್ದಿದ್ದು ನನ್ನ ಮೋಟ್ರು. ದಿಲಾವರ್‌ದು ಏನೂ ತಪ್ಪಿಲ್ಲ. ಗೊತ್ತಿಲ್ದೆ ಬಾಯಿಗೆ ಬಂದಂಗೆ ಅಂದೆ, ತಪ್ಪಾಯ್ತು."

ದಿಲಾವರ್ ಅಂದ: "ಮೊದ್ಲು ಅಳತೆ ಮಾಡ್ಸಿ, ಆಮೇಲೆ ಬೈಬಹುದಿತ್ತಲ್ಲ ಅಣ್ಣಾ."

ಕರಿಸಿದ್ದಪ್ಪ ಊರ ಟ್ಯಾಂಕ್ ತುಂಬಿದ ಮೇಲೆಯೇ ಮೋಟ್ರು ಹಾಕತೊಡಗಿದ, ತೋಟಕ್ಕೆ ಡ್ರಿಪ್ ಹಾಕಿಸಿದ. ಒಂದು ಕಡೆ ಬಾಳೆ ತೆಗೆದು ತೊಗರಿ ಬಿತ್ತಿದ. ಬೇಸಿಗೆಯಲ್ಲಿ ನೀರು ಈಗಲೂ ಕಮ್ಮಿಯೇ. ಆದರೆ ಮೇಲಿನ ಬೀದಿಗೂ ಹತ್ತುತ್ತದೆ. ಅಕ್ತರ್ ಬೀಯನ್ನು ನಾಗಕ್ಕನೇ ಕೈ ಹಿಡಿದು ಸಂಘಕ್ಕೆ ಕರೆತಂದಳು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಇಂಥ ಬೀಗದ ಬೋರು ಇರಬಹುದು. ಅದರ ಬೀಗ ಒಡೆಯಬೇಡಿ, ಒಳಗೆ ಕಲ್ಲು ಹಾಕಬೇಡಿ. ಹೊಸ ಬೋರು ಕೊರೆಸುವ ಮುಂಚೆ ಜಿಲ್ಲೆಯ ಅಂತರ್ಜಲ ಕಚೇರಿಗೆ ಹೋಗಿ ವಿಚಾರಿಸಿ. ಊರಲ್ಲಿ ನೀರು ಕಮ್ಮಿಯಾದರೆ, ಪಕ್ಕದವರ ಕಡೆ ಬೆರಳು ತೋರಿಸುವ ಮುಂಚೆ ಭೂಮಿಯೊಳಗಿನ ನೀರು ಅಳೆಸಿ ನೋಡಿ.