ಅಶ್ವತ್ಥಮ್ಮನ ಸ್ವಿಚ್ಚು

ಮಾಕಳಿಯ ಅಶ್ವತ್ಥಮ್ಮನ ವಠಾರದಲ್ಲಿ ಯಾರ ಮನೆಯಲ್ಲೂ ಅಲಾರಂ ಗಡಿಯಾರ ಇರಲಿಲ್ಲ. ಬೇಕೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಅಶ್ವತ್ಥಮ್ಮ ಪಡಸಾಲೆಯ ಸ್ವಿಚ್ಚು ಒತ್ತಿ ಬಾವಿಯ ಮೋಟರು ಹಾಕಿ, "ನೀರ್ ಬಂತು, ಏಳ್ರವ್ವಾ!" ಎಂದು ಕೂಗಿದರೆ ಸಾಕು, ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಬಾಡಿಗೆಯವರೆಲ್ಲ ಬಿಂದಿಗೆ ಹಿಡಿದು ಹೊರಗಿರುತ್ತಿದ್ದರು. ತೊಟ್ಟಿ ತುಂಬಿದೊಡನೆ ಯಾರಾದರೂ "ಅಕ್ಕಾ, ತುಂಬ್ತು!" ಅನ್ನುವರು, ಮೋಟರು ನಿಲ್ಲುವುದು. ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ಅಶ್ವತ್ಥಮ್ಮನಿಗೆ ಉಳಿದಿದ್ದ ದರ್ಬಾರು ಆ ಸ್ವಿಚ್ಚೊಂದೇ.

ಆ ವರ್ಷ ನಡುಬೇಸಿಗೆಯಲ್ಲಿ ಅವಳಿಗೆ ಚಳಿ ಹತ್ತಿತು. ಊರೆಲ್ಲ ಬೀಸಣಿಗೆ ಹುಡುಕುವಾಗ ಅವಳು ಕಂಬಳಿ ಹೊದ್ದು ಒಲೆ ಮುಂದೆ ಕೂರುವಳು. ಮುಖ ಊದಿತು, ದನಿ ಗೊಗ್ಗರಾಯಿತು, ಕೂತಲ್ಲೇ ನಿದ್ದೆ. ಮುದ್ದೆ ತಿರುವುತ್ತಾ ಕೋಲು ಹಿಡಿದೇ ತೂಕಡಿಸಿದಾಗ ಸೊಸೆ ಭದ್ರಮ್ಮ ನಗು ನುಂಗಿಕೊಂಡು, ಎಚ್ಚರವಾಗದ ಹಾಗೆ ಕೋಲು ಬಿಡಿಸಿಕೊಂಡಳು.

ಗಂಡ ಹನುಮಂತರಾಯಪ್ಪನಿಗೆ ಮಾತ್ರ ನಗು ಬರಲಿಲ್ಲ. "ಉಂಡೂ ಉಂಡೂ ಸೋಮಾರಿತನ ಬಂದೈತೆ. ಬಾಡಿಗೆಯೋರು ನೀರಿಲ್ದೆ ಬಸ್ಸು ತಪ್ಪುಸ್ಕೊಂತಾವ್ರೆ. ಇಂಗೇ ಮಲಗ್ತಿದ್ರೆ ಆ ಸ್ವಿಚ್ಚ ಕಿತ್ತು ಭದ್ರಿ ರೂಮ್ಗೆ ಆಕುಸ್ಬುಡ್ತೀನಿ, ನೋಡು!"

"ಆಕ್ಸಿ. ಬಾವೀನೂ ಎತ್ಕೊಂಡೋಗಿ ಅಲ್ಲೇ ಇಡ್ಸಿ" ಎಂದಳು ಅಶ್ವತ್ಥಮ್ಮ. ಎಂದಳೇ ಹೊರತು, ಅವನು ಅತ್ತ ಹೋದೊಡನೆ ಸ್ವಿಚ್ಚನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ಭದ್ರಮ್ಮ ಅತ್ತೆಯನ್ನು ತುಮಕೂರು ರಸ್ತೆಯ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ರಕ್ತವನ್ನು ಪಟ್ಟಣಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದರು. "ಸೋಮಾರಿತನ ಅಲ್ಲಮ್ಮ. ಕುತ್ತಿಗೇಲಿ ಚಿಟ್ಟೆ ಥರ ಒಂದು ಗ್ರಂಥಿ ಇದೆ, ಥೈರಾಯ್ಡ್ ಅಂತ. ಅದು ರಕ್ತಕ್ಕೆ ಹಾರ್ಮೋನ್ ಬಿಟ್ರೇನೇ ಮೈ ಬೆಚ್ಚಗಿರೋದು, ಎದೆ ಸರಿಯಾಗಿ ಬಡ್ಕೊಳೋದು, ಉಂಡಿದ್ದು ಕರಗೋದು."

"ಅದುಕ್ಕೆ ಸ್ವಿಚ್ ಆಕೋರ್ ಯಾರು?"

ಡಾಕ್ಟರು ನಕ್ಕರು. "ತಲೆಯೊಳಗೆ ಕಡಲೆಕಾಳಿನಷ್ಟು ಇನ್ನೊಂದು ಗ್ರಂಥಿ ಇದೆ. ಹಾರ್ಮೋನ್ ಕಮ್ಮಿ ಆದ್ರೆ 'ಏಳು' ಅಂತ ಕೂಗುತ್ತೆ, ಸಾಕಾದಷ್ಟಾದ್ರೆ ಸುಮ್ನಾಗುತ್ತೆ."

"ನಮ್ ತೊಟ್ಟಿ ಇದ್ದಂಗೆ!"

"ಹಾಗೇ. ಈಗ ಅದು ಕೂಗ್ತಾನೇ ಇದೆ, ಕುತ್ತಿಗೇದು ಏಳ್ತಿಲ್ಲ."

"ಅಯ್ಯೋ ಪಾಪ. ಕೂಗೀ ಕೂಗೀ ಅದುಕ್ಕೂ ಸಾಕಾಗಿರ್ತದೆ" ಎಂದು ಅಶ್ವತ್ಥಮ್ಮ ತಲೆ ಸವರಿಕೊಂಡಳು.

ದಿನಾ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಂಬಳಿ ಅಟ್ಟ ಸೇರಿತು, ಬೆಳಗಿನ ಕೂಗು ಮರಳಿ ಬಂತು. ಹನುಮಂತರಾಯಪ್ಪ ಸ್ವಿಚ್ಚಿನ ಮಾತೆತ್ತಲಿಲ್ಲ.

ಆದರೆ ಮನೆಗೆ ಏನು ಬಂದರೂ, ಮೊದಲ ಕೊಯ್ಲಿನ ಅವರೆಕಾಯಿಯಾಗಲಿ ಬೀಗರು ಕಳಿಸಿದ ಹಲಸಾಗಲಿ, ವಠಾರಕ್ಕೆ ಪಾಲು ಹಾಕದೆ ಅಶ್ವತ್ಥಮ್ಮ ಬಾಯಿಗಿಟ್ಟವಳಲ್ಲ. ಒಂದು ಬೆಳಿಗ್ಗೆ ಮಾತ್ರೆ ನುಂಗಲು ಹೊರಟಾಗ, ರಾತ್ರಿ ಪಾಳಿ ಮುಗಿಸಿ ಬಂದು ತೊಟ್ಟಿಯ ಬಳಿ ಬಾಯಿ ಅಗಲಿಸಿ ಆಕಳಿಸುತ್ತಿದ್ದ ಬಾಡಿಗೆಯ ಹುಡುಗ ನಲ್ಲಪ್ಪ ಕಣ್ಣಿಗೆ ಬಿದ್ದ.

"ಯಾಕ್ಲಾ, ನಿಂದೂ ಮೋಟ್ರು ಕೆಟ್ಟೋಯ್ತಾ? ತಗಾ." ಮಾತ್ರೆಯನ್ನು ಎರಡು ಹೋಳು ಮಾಡಿ ಅರ್ಧ ತಾನು ನುಂಗಿ, ಅರ್ಧ ಅವನ ಅಂಗೈಗಿಟ್ಟಳು. ಮಾರನೆಯ ದಿನವೂ ಕೊಟ್ಟಳು. ಅದೇ ರೂಢಿಯಾಯಿತು. "ಎಂಗೈತೆ?" ಎಂದರೆ ಅವನು, "ಸಕ್ಕತ್ತಾಗೈತೆ ಅಕ್ಕ" ಅನ್ನುತ್ತಿದ್ದ. ಅವಳಿಗೆ ಸಂತೋಷ.

ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಕಂಬಳಿ ಮತ್ತೆ ಅಟ್ಟದಿಂದ ಇಳಿಯಿತು. ಮತ್ತೆ ಊದಿದ ಮುಖ, ಗೊಗ್ಗರು ದನಿ. ಒಂದು ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ವೈರ್‌ಮನ್ ವೆಂಕಟೇಶಪ್ಪ ಸ್ಟೂಲು ಹತ್ತಿ ಸ್ವಿಚ್ಚಿಗೆ ಸ್ಕ್ರೂಡ್ರೈವರ್ ಇಟ್ಟಿದ್ದ. ಪಕ್ಕದಲ್ಲಿ ಹನುಮಂತರಾಯಪ್ಪ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ.

"ಮಾತ್ರೆ ನುಂಗ್ತಾನೇ ಇದೀನಲ್ರೀ..." ಅಶ್ವತ್ಥಮ್ಮ ಕಂಬಳಿ ಸರಿಸಿ ಎದ್ದು ಕೂತಳು.

ಬಾಗಿಲಲ್ಲಿ ನಲ್ಲಪ್ಪ ಒಂದು ಬೆಂಕಿಪೊಟ್ಟಣ ಹಿಡಿದು ನಿಂತಿದ್ದ. "ಅಕ್ಕಾ, ಬೈಬ್ಯಾಡಿ." ಪೊಟ್ಟಣ ತೆರೆದು ಅವಳ ಮಡಿಲಿಗೆ ಸುರಿದ. ಎಲ್ಲ ಅರ್ಧರ್ಧ ಮಾತ್ರೆ.

"ನುಂಗ್ಲೇ ಇಲ್ವೇನ್ಲಾ?"

"ನಂಗಿರೋದು ನೈಟ್ ಶಿಫ್ಟ್ ಕಣಕ್ಕ, ಕಾಯ್ಲೆ ಅಲ್ಲ. ಬ್ಯಾಡ ಅಂದ್ರೆ ನೀವು ನೊಂದ್ಕೊಂತೀರಿ ಅಂತ... ನಿಮ್ಗೆ ಅರ್ಧ ಸಾಲ್ದು ಅಂತ ನಂಗೂ ಒಳೀಲಿಲ್ಲ."

ಹನುಮಂತರಾಯಪ್ಪ ಆ ಚೂರುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. "ಮಾತ್ರೇಗೂ ಪಾಲು ಆಕವ್ಳಲ್ಲಪ್ಪ ಇವಳು!" ಎಂದು ಗೊಣಗಿದ. ಆಮೇಲೆ ಮೆತ್ತಗೆ, "ಇಳಿಯಯ್ಯ ವೆಂಕಟೇಶಪ್ಪ. ಇಲ್ಲ, ತಡಿ. ಭದ್ರಿ ರೂಮ್ಗೆ ಬ್ಯಾಡ. ಇವಳ ಆಸಿಗೆ ತಾವ ತಗ್ಗಿಸಿ ಕೂರ್ಸು, ಮಲಗಿದ್ ಕಡೆಗೇ ಕೈಗೆಟುಕ್ಲಿ."

"ಏನೂ ಬ್ಯಾಡ. ಎದ್ದೇ ಆಕ್ತೀನಿ" ಎಂದಳು ಅಶ್ವತ್ಥಮ್ಮ, ಮೂಗೊರೆಸಿಕೊಳ್ಳುತ್ತಾ.

ಡಾಕ್ಟರು ಚೆನ್ನಾಗಿ ಬೈದು, ಆ ಚೂರುಗಳನ್ನೆಲ್ಲ ಎಸೆಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಹನುಮಂತರಾಯಪ್ಪ ನೀರಿನ ಲೋಟ ಹಿಡಿದು ನಿಲ್ಲತೊಡಗಿದ. "ಎಲ್ಲಿ, ಬಾಯ್ ತೆಗಿ" ಎಂದು ಇಣುಕಿ ನೋಡಿದ ಮೇಲೆಯೇ ಅತ್ತ ಹೋಗುತ್ತಿದ್ದ.

ಅಶ್ವತ್ಥಮ್ಮನ ದನಿ ತೆರೆಯಲು ಯುಗಾದಿ ಕಳೆಯಬೇಕಾಯಿತು. ನಲ್ಲಪ್ಪನಿಗೆ ಬೇಕಾದ್ದು ನಿದ್ದೆ ಎಂಬುದು ಅಷ್ಟರಲ್ಲಿ ಅವಳಿಗೆ ಮನದಟ್ಟಾಗಿತ್ತು. ಒಂದು ದಿನ ಅವನು ಕೆಲಸದಿಂದ ಬಂದು ಕದ ಹಾಕಿಕೊಂಡಿದ್ದೇ ತಡ, ಅಶ್ವತ್ಥಮ್ಮ ಅಂಗಳದ ನಡುವೆ ನಿಂತು ಪಕ್ಕದ ಬೀದಿಗೂ ಕೇಳುವಂತೆ ಕೂಗಿದಳು:

"ಬಟ್ಟೆ ಒಗಿಯೋರು ಆ ಕಡೀಕೋಗ್ರವ್ವಾ! ನಲ್ಲಪ್ಪ ಮಲಗವ್ನೆ!"

ಆಗಷ್ಟೇ ಕಣ್ಣು ಹತ್ತಿದ್ದ ನಲ್ಲಪ್ಪ ಬೆಚ್ಚಿ ಎದ್ದು ಕೂತ. ಅಕ್ಕನ ಮೋಟರು ಸರಿಹೋಯಿತು ಎಂದುಕೊಂಡು, ನಗುತ್ತಾ ಮತ್ತೆ ಮುಸುಕೆಳೆದುಕೊಂಡ.